ಇಡೀ ಊರು

ಮೂಡಲಗಿಯಲ್ಲಿ, ಮಾಲಿಂಗಪ್ಪನ ಮನೆಯ ಪಡಸಾಲೆಯಲ್ಲಿ ಎಚ್ಚರವಾದಾಗ ಪರಪ್ಪ ಹೊಸಮನಿಗೆ ಮೊದಲು ಹೆದರಿಕೆಯಾಯಿತು. ಯಾತರ ಹೆದರಿಕೆ ಎಂಬುದು ಆಮೇಲೆ ನೆನಪಾಯಿತು. ಮಧ್ಯಾಹ್ನ ಮೂರು ಗಂಟೆಗೆ ಹುಕ್ಕೇರಿಯ ಬಂಗಲೆಯಲ್ಲಿ ಉಪವಿಭಾಗದ ಅಧಿಕಾರಿ ಪ್ರಾಂತ ಸಾಹೇಬರ ವಿಚಾರಣೆ ಇತ್ತು. ವಿಚಾರಣೆ ನನ್ನದಲ್ಲ, ನಾನು ಬರೀ ಹಾಜರಿರುವವನು ಎಂದು ಎರಡು ವಾರದಿಂದ ತನಗೆ ತಾನೇ ಹೇಳಿಕೊಳ್ಳುತ್ತ ಬಂದಿದ್ದ. ಅವನು ವಿಧಾನ ಪರಿಷತ್ತಿನ ಸದಸ್ಯ. ಬಾಹ್ಯಾಕಾಶ ಸಂಶೋಧನೆಗೆ ನೆರವಾಗಲೆಂದು ಸರಕಾರ ನೇಮಿಸಿದ ಸಮಿತಿಯ ಅಧ್ಯಕ್ಷ. ದೂರದ ಊರಿನಿಂದ ವಿಜ್ಞಾನಿಗಳು ಹಾರಿಬಿಡುವ ಬಲೂನು ಇಪ್ಪತ್ತು ಮೈಲು ಮೇಲಕ್ಕೇರಿ, ಆಕಾಶದ ಕಿರಣಗಳನ್ನು ಅಳೆಯುವ ಪೆಟ್ಟಿಗೆಯೊಂದನ್ನು ಬಟ್ಟೆಯ ಛತ್ರಿಗೆ ಕಟ್ಟಿ ಕೆಳಗಿಳಿಸುತ್ತಿತ್ತು. ಅಂಥದೊಂದು ಪೆಟ್ಟಿಗೆ ದಡ್ಡಿಯ ಹತ್ತಿರ ಪರಪ್ಪನ ಹುಟ್ಟೂರಿನ ಹೊಲದಲ್ಲಿಯೇ ಬಂದು ಬಿತ್ತು. ಕೂಲಿಗೆ ಹೋಗಿದ್ದ ಸತ್ತೆವ್ವ ಕುಡುಗೋಲಿನಿಂದ ಅದರ ಮುಚ್ಚಳ ಮೀಟಿದಳು. ಒಳಗಿನ ಬ್ಯಾಟರಿಯ ಸುಡುನೀರು ಮುಖಕ್ಕೆ ಸಿಡಿಯಿತು. ಸತ್ತೆವ್ವ ಊರ ಹೊರಗಿನ ಕೇರಿಯವಳು, ಪರಪ್ಪ ಹುಟ್ಟಿದ ಕೇರಿಯವಳು, ಅವನ ಮನೆಯಿಂದ ನಾಲ್ಕನೆಯ ಮನೆ. ಅವಳಿಗೆ ಹೆಸರಿಟ್ಟ ದಿನ ಹತ್ತು ವರ್ಷದ ಪರಪ್ಪ ಗುಗ್ಗರಿ ತಿಂದಿದ್ದ, ಅದು ಅವನಿಗೆ ನೆನಪಿತ್ತು.

ಮುಖ ತೊಳೆದು ಬರುವಷ್ಟರಲ್ಲಿ ತಾಟು ಬಂದಿತ್ತು. ಮಾಲಿಂಗಪ್ಪ ಬೆಲ್ಲದ ವ್ಯಾಪಾರಿ, ಪಕ್ಷದ ಹಿರಿಯ, ಪರಪ್ಪನಂಥವನನ್ನು ಮನೆಯೊಳಗೆ ಕರೆದು ಉಣ್ಣಿಸುವ ಧೈರ್ಯವಂತ ಎಂದು ಸುತ್ತಮುತ್ತ ಹೆಸರು ಮಾಡಿದವನು. ತಾಟು ಹೊಸದು, ವಾಟಗ ಹೊಸದು. ಹೋದ ಸಲವೂ ಹೊಸದಿತ್ತು, ಅದರ ಹಿಂದಿನ ಸಲವೂ. ಅಂಗಡಿಯ ಚೀಟಿ ಅಂಟಿಸಿದ ಕಡೆ ಅಂಚು ಇನ್ನೂ ಜಿಗುಟಾಗಿತ್ತು. ತಾನು ಉಂಡೆದ್ದ ಮೇಲೆ ಈ ತಾಟುಗಳೆಲ್ಲ ಎಲ್ಲಿಗೆ ಹೋಗುತ್ತವೆ ಎಂದು ಹತ್ತು ವರ್ಷದಿಂದ ಕೇಳಬೇಕೆನಿಸಿದೆ. ಕೇಳುವುದು ಹೇಗೆ, ಕೊಟ್ಟ ಮಾನವನ್ನು ತಿರುವಿ ಹಾಕಿ ನೋಡಿದ ಹಾಗಾಗುತ್ತದೆ. ಮಾಲಿಂಗಪ್ಪ ನಿನ್ನೆ ಸಾಲಿಯಲ್ಲಿ ಪರಪ್ಪ ಮಾಡಿದ ಭಾಷಣವನ್ನು ಹೊಗಳಿದ, ಚಂದ್ರನ ಮೇಲೆ ಮನುಷ್ಯ ಕಾಲಿಡುತ್ತಾನೆಂದಾಗ ಮಾಸ್ತರರೆಲ್ಲ ಚಪ್ಪಾಳೆ ತಟ್ಟಿದ್ದನ್ನು ಎರಡೆರಡು ಸಲ ಹೇಳಿದ. ಆಮೇಲೆ ದನಿ ತಗ್ಗಿಸಿ ಸುದ್ದಿ ಕೊಟ್ಟ: ಸಮುದ್ರದ ದಂಡೆಯಲ್ಲಿ ರಾಕೆಟ್ಟು ಹಾರಿಸುವ ಕೇಂದ್ರವಿದೆಯಲ್ಲ, ಅದಕ್ಕೆ ದಿಲ್ಲಿಯಲ್ಲಿ ದೊಡ್ಡ ಸಮಿತಿ ಆಗುತ್ತಿದೆ, ಪರಪ್ಪನ ಹೆಸರು ಹೋಗಿದೆ, ಹುಕ್ಕೇರಿಯ ಈ ಗದ್ದಲವೊಂದು ಸ್ವಚ್ಛವಾಗಿ ಮುಗಿದರೆ ಆಯಿತು.

"ನೀವು ಸುಮ್ಮ ಕುಂದರ್ರಿ. ಪೆಟಗಿ ಮುಟ್ಟಬ್ಯಾಡ್ರಿ ಅಂತ ಇಡೀ ಊರಿಗೆ ಡಂಗುರ ಬಡದೈತಿ ಅಂತ ತಲಾಟಿ ಬರದಾನ. ಬಡದಾಂವ ನಿಮ್ಮ ಅಣ್ಣ, ಅವನ ಹೆಬ್ಬಟ್ಟೈತಿ. ಆಕಿ ಕೇಳಿಲ್ಲಂದ್ರ ಅದು ಆಕಿ ನಶೀಬ."

ಹೌದು ಎಂದ ಪರಪ್ಪ. ಇಡೀ ಊರಿಗೆ, ಎಂದ. ಅವನ ಕೈಯಲ್ಲಿದ್ದ ವಾಟಗದ ಚಹಾ ತುಸು ತುಳುಕಿ ಧೋತರದ ಮೇಲೆ ಬಿತ್ತು. ಬಿಳಿ ಧೋತರ, ಇನ್ನೊಂದು ತಂದಿರಲಿಲ್ಲ.

ಜೀಪು ಗೋಕಾಕದ ರಸ್ತೆ ಹಿಡಿಯಿತು. ಚಾಲಕ ಇಸ್ಮಾಯಿಲ ಮಾತುಗಾರ. ಇವತ್ತು ಯಾಕೋ ಅವನೂ ಸುಮ್ಮನಿದ್ದ, ಅದೂ ಪರಪ್ಪನಿಗೆ ಹೆದರಿಕೆ ತಂದಿತು. ಇಡೀ ಊರು ಎಂಬ ಮಾತನ್ನು ಮೊದಲು ಆಡಿದವನು ಊರಿನ ಲೆಕ್ಕ ಬರೆಯುವ ತಲಾಟಿಯಲ್ಲ, ಮಾಲಿಂಗಪ್ಪನೂ ಅಲ್ಲ. ಬೆಂಗಳೂರಿನಲ್ಲಿ, ಆ ಉದ್ದನೆಯ ಮೇಜಿನ ತುದಿಯಲ್ಲಿ ಕೂತು, ಅವನೇ ಆಡಿದ್ದು. ಸಮಿತಿ ಅವನಿಗೆ ಸಿಕ್ಕ ಬಗೆಯನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತಿತ್ತು. ನೀರಾವರಿ ಬೇರೆಯವರಿಗೆ ಹೋಯಿತು, ಕಂದಾಯ ಬೇರೆಯವರಿಗೆ, ಸಕ್ಕರೆ ಕಾರಖಾನೆಯ ಮಂಡಳಿ ಸಂಕೇಶ್ವರದ ಕಡೆಯವರಿಗೆ. ಕಡೆಗೆ ಮಂತ್ರಿಗಳೊಬ್ಬರು, ಹೊಸಮನಿಯವರಿಗೆ ಆಕಾಶ ಕೊಟ್ಟುಬಿಡಿ, ಅಲ್ಲಿ ಯಾರ ತಕರಾರೂ ಇಲ್ಲ ಎಂದರು. ಎಲ್ಲರೂ ನಕ್ಕರು, ಎಲ್ಲರಿಗಿಂತ ಜೋರಾಗಿ ಪರಪ್ಪ ನಕ್ಕ. ನಗದೆ ಏನು ಮಾಡಬೇಕಿತ್ತು ಹೇಳಿ! ಗೋಕಾಕದ ಸಾಲಿಯ ಮಾಸ್ತರಿಕೆ ಬಿಟ್ಟು, ಜಿಲ್ಲಾ ಬೋರ್ಡಿನಲ್ಲಿ ಐದು ವರ್ಷ ಹಿಂದಿನ ಬೆಂಚಿನಲ್ಲಿ ಕೂತು, ಮುಂಬಯಿ ಪ್ರಾಂತ ಹೋಗಿ ಮೈಸೂರು ರಾಜ್ಯ ಬಂದ ಮೇಲೆ ಹೊಸ ಸಾಹೇಬರ ಹೊಸ ಕನ್ನಡ ಕಲಿತು, ಇಷ್ಟು ದೂರ ಬಂದವನಿಗೆ ಆಕಾಶವಾದರೂ ಸಿಕ್ಕಿತಲ್ಲ. ಆದರೆ ಸಮಿತಿಯಲ್ಲಿ ಮಾತೆಲ್ಲ ಇಂಗ್ಲಿಷು. ವಿಜ್ಞಾನಿಗಳು ಗೆರೆ ಎಳೆದು ಗಾಳಿಯ ವೇಗ ಹೇಳುತ್ತಿದ್ದರು, ಕಾರ್ಯದರ್ಶಿ ತಲೆಯಾಡಿಸುತ್ತಿದ್ದ, ಅಧ್ಯಕ್ಷನಾದ ಪರಪ್ಪ ಅರ್ಧ ತಾಸಿಗೊಮ್ಮೆ ಗಂಟಲು ಸರಿಮಾಡಿಕೊಂಡು ಸುಮ್ಮನಾಗುತ್ತಿದ್ದ. ಯಾರಾದರೂ ತನ್ನ ಕಡೆ ತಿರುಗಿ ಒಂದು ಪ್ರಶ್ನೆ ಕೇಳಿಬಿಟ್ಟರೆ? ಮೂರು ಸಭೆಗಳನ್ನು ಅವನು ಜೀವ ಕೈಯಲ್ಲಿ ಹಿಡಿದು ಕಳೆದ. ನಾಲ್ಕನೆಯದರಲ್ಲಿ ಪೆಟ್ಟಿಗೆಗಳ ಮಾತು ಬಂತು. ಹಳ್ಳಿಯ ಜನ ಮುಟ್ಟದ ಹಾಗೆ ಮುಂಚಿತವಾಗಿ ಎಚ್ಚರಿಸಬೇಕು, ಹೇಗೆ? ಪತ್ರಿಕೆ ಅಚ್ಚು ಹಾಕಿಸೋಣ ಎಂದರು, ಓದುವವರಾರು ಎಂದರು, ರೇಡಿಯೋ ಎಂದರು, ರೇಡಿಯೋ ಯಾರ ಮನೆಯಲ್ಲಿದೆ ಎಂದರು. ಆಗ ಪರಪ್ಪ ಬಾಯಿ ಬಿಟ್ಟ. ಡಂಗುರ ಬಡಿಸಿರಿ ಎಂದ. ನನ್ನ ತಂದೆ ಡಂಗುರ ಸಾರುತ್ತಿದ್ದರು, ನನ್ನ ಅಣ್ಣ ಈಗಲೂ ಸಾರುತ್ತಾನೆ, ಹಲಗೆಯ ಸದ್ದಿಗೆ ಒಂದು ತಾಸಿನಲ್ಲಿ ಸುದ್ದಿ ಎಲ್ಲ ಕಡೆ ಮುಟ್ಟುತ್ತದೆ ಎಂದ. ಮೇಜಿನ ಆ ತುದಿಯಲ್ಲಿದ್ದ ತೆಳ್ಳನೆಯ ಹುಡುಗಿ, ಕನ್ನಡ ಬಲ್ಲ ಒಬ್ಬಳೇ ವಿಜ್ಞಾನಿ, ಪೆನ್ನು ಹಿಡಿದುಕೊಂಡೇ ಕೇಳಿದ್ದಳು: ಎಲ್ಲರಿಗೂ ಮುಟ್ಟುತ್ತದೆಯೇ ಸಾರ್? ಇಡೀ ಊರಿಗೆ ಎಂದಿದ್ದ ಪರಪ್ಪ. ಆಕೆ ಅದನ್ನು ಬರೆದುಕೊಂಡಳು.

ಅವತ್ತಿನ ಸಂತೋಷ ಎಂಥದು! ಜೀವಮಾನದಲ್ಲಿ ಮೊದಲ ಸಲ ಅಪ್ಪನ ಕಸುಬನ್ನು ಅವನು ನಾಚಿಕೆಯಿಲ್ಲದೆ ಹೇಳಿದ್ದ, ಅದಕ್ಕೆ ದೊಡ್ಡ ದೊಡ್ಡ ಮಂದಿ ತಲೆದೂಗಿದ್ದರು. ಕಾಗದದಲ್ಲಿ ಅದಕ್ಕೆ ಅಧ್ಯಕ್ಷರ ಪದ್ಧತಿ ಎಂದೇ ಹೆಸರು ಬಿತ್ತು. ಪತ್ರಿಕೆಯಲ್ಲಿ ಚಿತ್ರ ಬಂತು. ಆ ರಾತ್ರಿ ಶಾಸಕರ ಭವನದ ಕೋಣೆಯಲ್ಲಿ ಅವನು ಕನ್ನಡಿಯ ಮುಂದೆ ನಿಂತು ತನ್ನನ್ನೇ ನೋಡಿಕೊಂಡ, ಯಾರಿಗೂ ಹೇಳಬೇಡಿ. ಮತ್ತು ಆ ಇಡೀ ಹೊತ್ತಿನಲ್ಲಿ, ಮಾತಾಡುವಾಗ, ನಗುವಾಗ, ಕನ್ನಡಿ ನೋಡುವಾಗ, ಒಂದೇ ಒಂದು ಸಲವಾದರೂ ಕೇರಿ ನೆನಪಾಯಿತೇ? ಎರಡು ವಾರದಿಂದ ಅವನು ಇದನ್ನೇ ಅಗೆಯುತ್ತಿದ್ದ. ಯಾಕೆಂದರೆ ಅವನಿಗೆ ಗೊತ್ತಿತ್ತು. ಆ ಊರಿನಲ್ಲಿ, ಆ ಸುತ್ತಿನ ಎಷ್ಟೋ ಊರುಗಳಲ್ಲಿ, ಡಂಗುರ ಕೇರಿಯಲ್ಲಿ ಬಡಿಯುವುದಿಲ್ಲ. ಚಾವಡಿಯ ಮುಂದೆ, ಗುಡಿಯ ಮುಂದೆ, ಅಂಗಡಿಯ ಸಾಲಿನಲ್ಲಿ, ಗೌಡರ ಓಣಿಯಲ್ಲಿ, ಮುಸಲ್ಮಾನರ ಓಣಿಯಲ್ಲಿ ಬಡಿದರೆ ಮುಗಿಯಿತು. ಬಡಿಯುವವನು ಕೇರಿಯವನೇ, ಅವನಿಗೆ ಗೊತ್ತಿದ್ದದ್ದು ಅವನ ಮಂದಿಗೆ ಗೊತ್ತೇ ಇರುತ್ತದೆ ಎಂದು ಊರು ತಿಳಿದಿತ್ತು. ಬಡಿದು ಬಂದವನಿಗೆ ದಣಿವು. ಊರವರ ಸುದ್ದಿ ನಮಗ್ಯಾಕೆ ಎಂದು ಅವನು ಹಲಗೆಯನ್ನು ಗೂಟಕ್ಕೆ ಹಾಕಿ ಮಲಗುತ್ತಿದ್ದ. ಹೀಗೆ ಯಾರೂ ಬೇಡವೆನ್ನದೆ, ಯಾರೂ ತಡೆಯದೆ, ಕೇರಿಗೆ ಡಂಗುರ ಬರುತ್ತಿರಲಿಲ್ಲ.

ಗೊತ್ತಿರಲಿಲ್ಲ, ಮರೆತಿದ್ದೆ ಎನ್ನುವಂತೆಯೂ ಇರಲಿಲ್ಲ. ನಲವತ್ತೇಳನೆಯ ಇಸವಿಯ ಶ್ರಾವಣದಲ್ಲಿ ಅವನು ಗೋಕಾಕದಿಂದ ಊರಿಗೆ ಬಂದಿದ್ದ. ಹತ್ತೊಂಬತ್ತು ವರ್ಷ, ಮ್ಯಾಟ್ರಿಕ್ ಕಲಿಯುತ್ತಿದ್ದ, ಕಿಸೆಯಲ್ಲಿ ಕಾಗದದ ನಿಶಾನೆ. ಜಿಟಿಜಿಟಿ ಮಳೆ. ಚಾವಡಿಯಲ್ಲಿ ಬಾವುಟ ಏರಿಸುತ್ತಾರೆ, ಎಲ್ಲರೂ ಬರಬೇಕು ಎಂದು ಅಪ್ಪ ಹಿಂದಿನ ದಿನವೇ ಸಾರಿ ಬಂದಿದ್ದನಂತೆ. ಬೆಳಿಗ್ಗೆ ನೋಡಿದರೆ ಕೇರಿಯಲ್ಲಿ ಯಾವ ಗಡಿಬಿಡಿಯೂ ಇಲ್ಲ, ಸತ್ತೆವ್ವನ ತಾಯಿ ಕರೆವ್ವ ಚಿಗವ್ವ ಬಾಗಿಲಲ್ಲಿ ಕೂತು ಮಗಳ ತಲೆಯ ಹೇನು ನೋಡುತ್ತಿದ್ದಾಳೆ. ನೀವು ಬರುವುದಿಲ್ಲವೇ ಎಂದರೆ, ಎಲ್ಲಿಗೆ ಎಂದು ಕೇಳಿದಳು ಪುಣ್ಯಾತಗಿತ್ತಿ. ಪರಪ್ಪ ಅಪ್ಪನ ಮೇಲೆ ಹರಿಹಾಯ್ದ. ಊರಾಗೆಲ್ಲ ಸಾರೇನಲ್ಲೋ ಎಂದ ಅಪ್ಪ, ಮಗ ಯಾಕೆ ಕಿರುಚುತ್ತಾನೆಂದು ನಿಜಕ್ಕೂ ತಿಳಿಯದೆ. ಆಮೇಲೆ ಪರಪ್ಪನೇ ಮನೆಮನೆಗೆ ಹೋಗಿ ಬಾಯಿಂದ ಕರೆದ. ಎಲ್ಲರೂ ಸೀರೆ ಝಾಡಿಸಿ ಉಟ್ಟು ಹೋಗಿ ಮುಟ್ಟುವಾಗ ಬಾವುಟ ಏರಿ, ಪೇಢೆ ಹಂಚಿ, ಮಂದಿ ಚದುರಿತ್ತು. ಒದ್ದೆ ಬಾವುಟವನ್ನು ನೋಡಿಕೊಂಡು ವಾಪಸು ಬಂದರು. ಅವನ ರಾಜಕೀಯ ಅಲ್ಲಿಂದಲೇ ಶುರುವಾದದ್ದು ಎಂದು ಎಷ್ಟೋ ಭಾಷಣಗಳಲ್ಲಿ ಅವನು ಹೇಳಿದ್ದುಂಟು, ಮಂದಿ ಕಣ್ಣೊರೆಸಿಕೊಂಡದ್ದೂ ಉಂಟು. ಅಂಥವನು ಆ ಮೇಜಿನ ಮುಂದೆ ಊರು ಎಂದಾಗ ಅವನ ಕಣ್ಣಿಗೆ ಬಂದದ್ದು ಚಾವಡಿ, ಗುಡಿ, ಗೌಡರ ಓಣಿ. ಅಷ್ಟೇ. ಇದನ್ನು ಯಾರ ಮುಂದೆ ಹೇಳುವುದು? ಮರೆತದ್ದಕ್ಕೆ ಕ್ಷಮೆ ಇದೆ ಎಂದುಕೊಂಡರೂ, ಮರೆತದ್ದು ಏನನ್ನು ಎಂದು ನೆನೆದಾಗ ಅವನಿಗೆ ತನ್ನ ಬಗ್ಗೆಯೇ ಅಂಜಿಕೆ ಹುಟ್ಟುತ್ತಿತ್ತು.

ಗೋಕಾಕ ಬಂತು. ದವಾಖಾನೆಯ ತಿರುವಿನಲ್ಲಿ ಇಸ್ಮಾಯಿಲ ಕೇಳದೆಯೇ ಜೀಪು ನಿಲ್ಲಿಸಿದ. "ಹೋಗಿ ಬರ್ರಿ ಸಾಹೇಬ್ರ. ನಿಮ್ಮ ಕೇರಿ ಹೆಣ್ಮಗಳು." ಬಯ್ಯಬೇಕೆಂದುಕೊಂಡ ಪರಪ್ಪ ಇಳಿದ. ಹಿಂದೆ ಇದೇ ಬೀದಿಯಲ್ಲಿ ಅವನು ಮಾಸ್ತರನಾಗಿದ್ದಾಗ ಬಾಡಿಗೆ ಮನೆ ಹುಡುಕುತ್ತ ಓಡಾಡಿದ್ದ. ಹೆಸರು ಕೇಳುವವರೆಗೆ ಮನೆ ಖಾಲಿ ಇರುತ್ತಿತ್ತು, ಹೇಳಿದ ಮೇಲೆ ಯಾರೋ ನೆಂಟರು ಬರುವವರಿರುತ್ತಿದ್ದರು. ದವಾಖಾನೆಯ ಪಡಸಾಲೆಯಲ್ಲಿ ಫಿನೈಲಿನ ವಾಸನೆ. ನರ್ಸಬಾಯಿ ಅವನ ಟೊಪ್ಪಿಗೆ ನೋಡಿ ಎದ್ದು ನಿಂತಳು. ಸತ್ತೆವ್ವನನ್ನು ಕೇಳಿದಾಗ, ಎರಡೂ ಕಣ್ಣು ಹೋದವು ಸರ್, ಒಂದಾದರೂ ಉಳಿದೀತು ಅಂದಿದ್ದರು ಡಾಕ್ಟರು, ನಿನ್ನೆ ಪಟ್ಟಿ ಬಿಚ್ಚಿ ನೋಡಿದರು, ಇಲ್ಲ ಎಂದಳು. ತಾಯಿ ನಿನ್ನೆ ಸಂಜೆ ಊರಿಗೆ ಹೋದಳು, ಅಲ್ಲಿಂದ ಹುಕ್ಕೇರಿಗಂತೆ, ಮಗಳು ಒಬ್ಬಳೇ ಇದ್ದಾಳೆ, ಒಳಗೆ ಬನ್ನಿ. ಬಾಗಿಲು ಮೂರೇ ಹೆಜ್ಜೆ ದೂರ. ಒಳಗಿನಿಂದ ಸತ್ತೆವ್ವ ಯಾರನ್ನೋ ನೀರು ಕೇಳಿದ್ದು ಕಿವಿಗೆ ಬಿತ್ತು, ಮೆಲ್ಲನೆ, ಬೇರೆಯವರಿಗೆ ತೊಂದರೆಯಾದೀತೆಂಬ ದನಿ. ಪರಪ್ಪ ಗಡಿಯಾರ ನೋಡಿಕೊಂಡು, ಆಮೇಲೆ ಬರುತ್ತೇನೆ ಎಂದು ನರ್ಸಬಾಯಿಗೆ ಹೇಳಿ ಹೊರಬಿದ್ದ. ಹೊತ್ತಾಯಿತು ಎಂದು ಇಸ್ಮಾಯಿಲನಿಗೂ ಹೇಳಿದ. ಇನ್ನೂ ಹನ್ನೆರಡೂವರೆ.

ಆಮೇಲಿನ ದಾರಿಯುದ್ದಕ್ಕೂ ಅವನು ಕರೆವ್ವನ ಬಾಯಿಂದ ಬರಬಹುದಾದ ಒಂದೇ ಒಂದು ಮಾತನ್ನು ಕೇಳಿಸಿಕೊಳ್ಳುತ್ತಿದ್ದ. ನಮ್ಮ ಕೇರ್ಯಾಗ ಡಂಗುರ ಬಡಿಯೂದಿಲ್ರಿ, ಇಂವಗ ಗೊತ್ತೈತಿ, ಕೇಳ್ರಿ. ಇಷ್ಟು ಸಾಕು. ಪ್ರಾಂತ ಸಾಹೇಬರು ಇತ್ತ ತಿರುಗುತ್ತಾರೆ. ಹೌದು ಎಂದರೆ, ಗೊತ್ತಿದ್ದೂ ಸಮಿತಿಗೆ ಸುಳ್ಳು ಹೇಳಿದಿರಾ ಎನ್ನುತ್ತಾರೆ. ಇಲ್ಲ ಎಂದರೆ ಕರೆವ್ವ ಅಲ್ಲೇ ಉಗುಳಬಹುದು. ಕೇರಿಯಲ್ಲಿ ಬಡಿಯದ್ದು ಡಂಗುರ ಸಾರುವ ವಾಲೀಕಾರನ ತಪ್ಪು ಎಂದರೆ? ಈ ವಿಚಾರ ಬೆಲ್ಲದ ಬಾಗೇವಾಡಿ ದಾಟುವಾಗ ಬಂತು, ಬಂದದ್ದು ಹೋಗಲಿಲ್ಲ. ವಾಲೀಕಾರ ಎಂದರೆ ಯಲ್ಲಾರಿ, ಅವನ ಅಣ್ಣ. ತಮ್ಮ ಸಾಲಿಗೆ ಹೋಗಲಿ ಎಂದು ಹನ್ನೆರಡನೆಯ ವಯಸ್ಸಿಗೆ ಅಪ್ಪನ ಸಂಗಡ ಹಲಗೆಯನ್ನು ಕೊರಳಿಗೆ ಹಾಕಿಕೊಂಡವನು. ಅವನ ಪಗಾರ ನಿಂತರೆ ತಾನೇ ತಿಂಗಳಿಗಿಷ್ಟು ಕಳಿಸಬಹುದು, ಅದಕ್ಕಿಂತ ಹೆಚ್ಚೇ ಕಳಿಸಬಹುದು ಎಂದು ಲೆಕ್ಕ ಹಾಕುತ್ತಿರುವುದು ತಿಳಿದಾಗ ಪರಪ್ಪ ಕಿಟಕಿಯ ಹೊರಗೆ ಮುಖ ಹಾಕಿ ಗಾಳಿ ಕುಡಿದ. ಹೊಲಗಳಲ್ಲಿ ಹೆಂಗಸರು ಬಗ್ಗಿ ಕೆಲಸ ಮಾಡುತ್ತಿದ್ದರು. ಒಬ್ಬಳು ನೆಟ್ಟಗಾಗಿ ಬೆನ್ನ ಮೇಲೆ ಕೈಯಿಟ್ಟು ಜೀಪನ್ನು ನೋಡಿದಳು. ಆಕಾಶ ಖಾಲಿಯಾಗಿತ್ತು, ಅಲ್ಲಿಂದ ಇನ್ನೊಂದು ಪೆಟ್ಟಿಗೆ ಇಳಿದು ಬಂದರೆ ಏನು ಗತಿ ಎಂದು ಅವನು ನಿಜವಾಗಿಯೂ ಮೇಲೆ ನೋಡಿದ.

ಹುಕ್ಕೇರಿಯ ಬಂಗಲೆಯಲ್ಲಿ ಅವನಿಗೆ ಪ್ರಾಂತ ಸಾಹೇಬರ ಪಕ್ಕದಲ್ಲೇ ಕುರ್ಚಿ ಹಾಕಿದ್ದರು, ಕೈಯಿರುವ ಕುರ್ಚಿ. ಸಾಹೇಬರು ಮೈಸೂರು ಕಡೆಯವರು, ಎಳೆಯ ವಯಸ್ಸು, ಒಳ್ಳೆಯ ಮಾತು. ತಲಾಟಿ ಕಾಗದ ಹಿಡಿದು ನಿಂತಿದ್ದ. ಯಲ್ಲಾರಿ ಕಂಬಕ್ಕೆ ಆತುಕೊಳ್ಳದೆ, ಕಂಬದ ಹತ್ತಿರ ನಿಂತಿದ್ದ. ತಮ್ಮನನ್ನು ನೋಡಿ ಊರ ಹಿರಿಯರಿಗೆ ಮುಗಿಯುವ ಹಾಗೆ ಕೈ ಮುಗಿದ. ಕರೆವ್ವ ನೆಲದ ಮೇಲೆ ಕೂತಿದ್ದಳು, ಸೆರಗು ತಲೆಯ ಮೇಲೆ, ಕಣ್ಣು ಪರಪ್ಪನ ಧೋತರದ ಚಹಾದ ಕಲೆಯ ಮೇಲೆ. ತಲಾಟಿ ಓದಿದ: ಇಂಥ ತಾರೀಖಿನಂದು, ಆಕಾಶದಿಂದ ಬೀಳುವ ಸರಕಾರಿ ಪೆಟ್ಟಿಗೆಯನ್ನು ಯಾರೂ ಮುಟ್ಟಬಾರದು, ಚಾವಡಿಗೆ ತಿಳಿಸಬೇಕು ಎಂದು ಇಡೀ ಊರಿಗೆ ಡಂಗುರ ಸಾರಿಸಿದೆ. ಎಲ್ಲೆಲ್ಲಿ ಬಡಿದೆಯಪ್ಪ ಎಂದು ಸಾಹೇಬರು ಯಲ್ಲಾರಿಯನ್ನು ಕೇಳಿದರು. ಯಲ್ಲಾರಿ ಚಾವಡಿ, ಗುಡಿ, ಅಂಗಡಿ ಸಾಲು, ಎರಡು ಓಣಿ, ಎಲ್ಲ ಹೇಳಿ ನಿಂತ. ಸಾಹೇಬರು ಬರೆಯುತ್ತ ಬರೆಯುತ್ತ, ಏನೂ ಬೇರೆ ಅರ್ಥವಿಲ್ಲದೆ, ಈ ಹೆಂಗಸಿನ ಮನೆ ಇರುವ ಕಡೆಯೂ ಬಡಿದೆಯಾ ಎಂದರು.

ಯಲ್ಲಾರಿ ತಮ್ಮನ ಕಡೆ ನೋಡಲಿಲ್ಲ. "ಬಡದೇನ್ರಿ. ನಮ್ಮ ಕೇರ್ಯಾಗ ಮೊದಲ ಬಡದು, ಆಮ್ಯಾಲ ಊರಾಗ ಹೋದೆ."

ಪರಪ್ಪನಿಗೆ ತಾನು ಕೇಳಿದ್ದು ತಿಳಿಯಲಿಲ್ಲ. ಸಾಹೇಬರು ಕರೆವ್ವನ ಕಡೆ ತಿರುಗಿದರು. ಈಗ ಬಂತು ಎಂದು ಅವನು ಕುರ್ಚಿಯ ಕೈ ಹಿಡಿದುಕೊಂಡ. ನಿನಗೆ ಕೇಳಿಸಿತ್ತೇನಮ್ಮ ಎಂದರು. ಕರೆವ್ವ ಕಲೆಯಿಂದ ಕಣ್ಣು ಕಿತ್ತು ಪರಪ್ಪನ ಕೋಟು ನೋಡಿದಳು, ಟೊಪ್ಪಿಗೆ ನೋಡಿದಳು, ಅವನು ಕೂತ ಕುರ್ಚಿ ನೋಡಿದಳು. ಮದುವೆ ಮನೆಯಲ್ಲಿ ವರನನ್ನು ನೋಡುವ ಹಾಗೆ ಮೇಲಿಂದ ಕೆಳಗೆ, ನಿಧಾನವಾಗಿ.

"ಕೇಳಿತ್ರಿ."

ನಿನ್ನ ಮಗಳಿಗೆ? "ಆಕಿಗೂ ಕೇಳಿತ್ರಿ. ಮರತಾಳ್ರಿ."

ಅಧ್ಯಕ್ಷರು ಏನಾದರೂ ಹೇಳುವುದಿದೆಯೇ ಎಂದರು ಸಾಹೇಬರು. ಬಾಯಿ ತೆರೆದರೆ ಸಾಕು, ಮಾತು ಅಲ್ಲೇ ಇತ್ತು. ಆದರೆ ಈಗ ಸತ್ಯ ಹೇಳಿದರೆ ಈ ಇಬ್ಬರೂ ಸಾಹೇಬರ ಮುಂದೆ ಸುಳ್ಳುಗಾರರಾಗುತ್ತಾರಲ್ಲ? ಸರಕಾರಿ ವಿಚಾರಣೆಯಲ್ಲಿ ಸುಳ್ಳು ಹೇಳಿದರೆ ಏನಾಗುತ್ತದೆಂದು ಅವರಿಗೇನು ಗೊತ್ತು, ಪಾಪ. ಸುಮ್ಮನಿರುವುದೇ ಅವರಿಗೆ ಮಾಡುವ ಉಪಕಾರ. ಇಂಥ ಒಳ್ಳೆಯ ಕಾರಣ ಇಷ್ಟು ಹೊತ್ತಿಗೆ ಸರಿಯಾಗಿ ಕೈಗೆ ಸಿಕ್ಕಿತಲ್ಲ ಎಂದು ಅವನು ಹಿಡಿದಿದ್ದ ಕುರ್ಚಿಯ ಕೈ ಬಿಟ್ಟ. ಹೌದು, ಸಂತೋಷವೇ ಆಯಿತು. ಅದನ್ನು ಅವನು ಗಮನಿಸಿದ ಕೂಡ. ಏನೂ ಇಲ್ಲ ಎಂದ. ಸಾಹೇಬರು ಇಂಗ್ಲಿಷಿನಲ್ಲಿ ಎರಡು ಸಾಲು ಬರೆದರು. ಸರಕಾರಿ ಸಾಮಾನು ಕೆಡಿಸಿದ್ದಕ್ಕೆ ಸತ್ತೆವ್ವನ ಮೇಲೆ ಮೊಕದ್ದಮೆ ನಡೆಸಬಹುದು, ಆದರೆ ಅಧ್ಯಕ್ಷರು ಬೇಡವೆಂದರೆ ಎಚ್ಚರಿಕೆ ಕೊಟ್ಟು ಬಿಟ್ಟುಬಿಡಬಹುದು, ಪರಿಹಾರದ ಪ್ರಶ್ನೆ ಮಾತ್ರ ಬರುವುದಿಲ್ಲ ಎಂದರು. ಬೇಡ, ಬಿಟ್ಟುಬಿಡಿ ಎಂದ ಪರಪ್ಪ. ತಲಾಟಿ, ದೊಡ್ಡ ಮನಸ್ಸು ರೀ ಎಂದ. ಯಲ್ಲಾರಿ ಇನ್ನೊಮ್ಮೆ ಕೈ ಮುಗಿದ.

ಬಂಗಲೆಯ ಹಿಂದೆ, ಬೇವಿನ ಮರದ ಹತ್ತಿರ, ಅಣ್ಣನನ್ನು ಒಂಟಿಯಾಗಿ ಹಿಡಿದು ಯಾಕೆ ಹಾಗೆ ಹೇಳಿದೆ ಎಂದು ಕೇಳಿದ. ಯಲ್ಲಾರಿಗೆ ಪ್ರಶ್ನೆಯೇ ವಿಚಿತ್ರವೆನಿಸಿತು. ನಿನ್ನೆ ರಾತ್ರಿ ಕೇರಿಯವರೆಲ್ಲ ಕೂಡಿದ್ದರಂತೆ. ಡಂಗುರದ ಮಾತನ್ನು ಬೆಂಗಳೂರಿನಲ್ಲಿ ಹೇಳಿದವನು ನಮ್ಮ ಪರಪ್ಪನೇ, ಇದು ಬಿಚ್ಚಿಕೊಂಡರೆ ಅವನಿಗೆ ಹತ್ತುತ್ತದೆ ಎಂದು ಸಾಲಿ ಕಲಿತ ಯಾರೋ ಹೇಳ್ಯಾರ. ನಮ್ಮೊಳಗೆ ಕುರ್ಚಿ ಏರಿದವನು ಅವನೊಬ್ಬನೇ ಎಂದು ಹಿರಿಯರು ಹೇಳ್ಯಾರ. ಕರೆವ್ವ ಕಡೆಗೆ, ಆಕೀ ಕಣ್ಣಂತೂ ತಿರುಗಿ ಬರೂದಿಲ್ಲ ಎಂದು ಎದ್ದು ಹೋದಳಂತೆ. ಇಷ್ಟು ಹೇಳಿ ಯಲ್ಲಾರಿ ತಮ್ಮನ ಕೋಟಿನ ಹೆಗಲ ಮೇಲಿನ ಬೇವಿನ ಎಲೆಯನ್ನು ತೆಗೆದು ಹಾಕಿದ. ದಿಲ್ಲಿಗೆ ಹೋಗುತ್ತೀಯಂತಲ್ಲ, ಅಲ್ಲಿ ಥಂಡಿ ಭಾಳ ಅಂತಾರ ಎಂದ. ಪರಪ್ಪ ಹೂಂ ಎಂದ.

ಜೀಪಿನ ಹತ್ತಿರ ಬಂದರೆ ಕರೆವ್ವ ಅಲ್ಲಿ ನಿಂತಿದ್ದಳು. ಅವನು ಕಿಸೆಗೆ ಕೈ ಹಾಕಿದ. ಆಕೆ ಬೇಡವೆಂದು ತಲೆಯಾಡಿಸಿದಳು.

"ಸಾಹೇಬನ ಮುಂದ ಹೇಳೇನಿ, ಅದು ಆತು. ಆದ್ರ ಆಕಿ ದಿನಾ ಕೇಳ್ತಾಳ, ಎವ್ವಾ, ಡಂಗುರ ಬಡಿದಿದ್ರ ನನಗ್ಯಾಕ ಕೇಳಲಿಲ್ಲಂತ. ಆಕಿ ಕಣ್ಣಷ್ಟ ಹೋಗ್ಯಾವು, ಕಿವಿ ಚೊಲೋ ಅದಾವು. ನಿನ್ನ ಕಿವೀನೂ ಖೊಟ್ಟಿ ಅಂತ ಆಕಿಗೆ ನಾ ಹೆಂಗ ಹೇಳ್ಲಿ? ನೀ ಬಾ. ನೀನ ಹೇಳು."

ಸಭೆ ಇದೆ, ಬೆಳಗಾವಿಗೆ ಹೋಗಬೇಕು, ನಾಳೆ ಬರುತ್ತೇನೆ. ಎಲ್ಲ ನೆವಗಳೂ ಬಾಯಿತನಕ ಬಂದವು. ಕರೆವ್ವ ಅಷ್ಟರಲ್ಲಿ ಜೀಪು ಹತ್ತಿ ಹಿಂದಿನ ಸೀಟಿನಲ್ಲಿ, ತುದಿಯಲ್ಲಿ, ಕೈ ಮಡಚಿ ಕೂತುಬಿಟ್ಟಿದ್ದಳು. ಇಸ್ಮಾಯಿಲ ಯಾವ ಕಡೆಗೆ ಎಂದು ಕೇಳಲಿಲ್ಲ. ಗಾಡಿ ಗೋಕಾಕದ ಕಡೆ ತಿರುಗಿತು, ಮತ್ತು ಪರಪ್ಪನಿಗೆ ವಿಚಾರಣೆಯ ಮುಂಚೆ ಇದ್ದ ಹೆದರಿಕೆ ಏನೂ ಅಲ್ಲ ಎನಿಸುವಂಥ ಹೆದರಿಕೆ ಶುರುವಾಯಿತು. ಪ್ರಾಂತ ಸಾಹೇಬರ ಮುಂದೆ ಕೈತಪ್ಪಿ ಹೋಗಬಹುದಾಗಿದ್ದದ್ದು ಕುರ್ಚಿ. ಇಲ್ಲಿ ಏನು ಹೋಗುತ್ತದೆಂದು ಅವನಿಗೆ ಹೆಸರು ಸಿಗಲಿಲ್ಲ. ಅವನು ನಿಶ್ಚಯ ಮಾಡಿದ, ಹೌದು, ಈ ಸಲ ನಿಜವಾಗಿಯೂ ಮಾಡಿದ: ಹೇಳಿಬಿಡುತ್ತೇನೆ. ಬಡಿದಿರಲಿಲ್ಲ ತಂಗಿ, ನಿನ್ನ ಕಿವಿಯ ತಪ್ಪಲ್ಲ, ತಪ್ಪು ನನ್ನದು. ಅಷ್ಟೇ ತಾನೇ. ದಿಲ್ಲಿಯವರಿಗೆ ಅದು ಕೇಳುವುದಿಲ್ಲ, ಕಾಗದದಲ್ಲಿ ಏರುವುದಿಲ್ಲ, ಒಬ್ಬ ಕುರುಡಿ ಹೆಂಗಸಿಗೆ ಒಂದು ಮಾತು. ಕುರುಡಿ ಎಂದುಕೊಂಡದ್ದಕ್ಕೆ ತನ್ನನ್ನೇ ಶಪಿಸಿಕೊಂಡ. ಬೆಲ್ಲದ ಬಾಗೇವಾಡಿ ಬಂದು ಹೋಯಿತು. ಆ ಮಾತನ್ನು ಅವನು ಒಳಗೊಳಗೇ ಎಷ್ಟು ಸಲ ಹೇಳಿಕೊಂಡನೆಂದರೆ, ಭಾಷಣದ ಮುಂಚೆ ಹೇಳಿಕೊಳ್ಳುವ ಹಾಗೆ, ಎಲ್ಲಿ ತಡೆಯಬೇಕು, ಎಲ್ಲಿ ದನಿ ತಗ್ಗಿಸಬೇಕು ಎಂಬುದೂ ಗೊತ್ತಾಯಿತು. ಕರೆವ್ವನ ಉಸಿರು ಅವನ ಬೆನ್ನ ಹಿಂದೆ ಇತ್ತು.

ದವಾಖಾನೆಗೆ ಮುಟ್ಟುವಾಗ ದೀಪ ಹಚ್ಚಿದ್ದರು. ಆ ಮೂರು ಹೆಜ್ಜೆಗಳನ್ನು ಕರೆವ್ವ ಮುಂದೆ, ಅವನು ಹಿಂದೆ ದಾಟಿದರು. ಸತ್ತೆವ್ವ ಮಂಚದ ಮೇಲೆ ಗೋಡೆಗಾನಿ ಕೂತಿದ್ದಳು. ಹಣೆಯಿಂದ ಮೂಗಿನ ತನಕ ಬಿಳಿ ಪಟ್ಟಿ, ಕೆಳಗೆ ಕೆನ್ನೆಯ ಚರ್ಮ ಸುಟ್ಟು ಕಪ್ಪಾಗಿತ್ತು, ಬಾಯಿ ಮಾತ್ರ ಚಿಕ್ಕಂದಿನದೇ. ಬೂಟಿನ ಸದ್ದಿಗೆ ಮುಖ ಎತ್ತಿದಳು. ಯಾರು ಎಂದು ಕೇಳುವ ಮುಂಚೆ ತಾಯಿ ಹೇಳಿದಳು: ಪರಪ್ಪಣ್ಣ ಬಂದಾನ. ಆ ಮುಖದಲ್ಲಿ ಮೂಡಿದ ಗಾಬರಿಯನ್ನು ಪರಪ್ಪ ನೋಡಿದ. ತನಗೆ ಹೆದರುವವರೂ ಇದ್ದಾರೆ ಎಂಬುದು ಅವನಿಗೆ ಈ ತನಕ ಗೊತ್ತಿರಲಿಲ್ಲ. ಸತ್ತೆವ್ವ ಗಡಿಬಿಡಿಯಲ್ಲಿ ಕಾಲು ಕೆಳಗಿಳಿಸಿ, ಸೆರಗು ಹುಡುಕಿ ತಲೆಯ ಮೇಲೆ ಎಳೆದುಕೊಂಡು, ಎದ್ದು ನಿಂತಳು.

ಅವನು ಬಾಯಿ ತೆರೆದ. ಅವಳೇ ಮೊದಲು ಮಾತಾಡಿದಳು.

"ಯಣ್ಣಾ, ನನ್ನ ತಪ್ಪಾತು. ಡಂಗುರ ಬಡಿದಿದ್ರಂತ, ನಾ ಎಲ್ಲಿ ಲಕ್ಷ್ಯ ಇಟ್ಟಿದ್ನೋ ಏನೋ. ಸರಕಾರದ ಪೆಟಗಿ ಮುಟ್ಟಬಾರದಿತ್ತು. ನನ್ನ ಸಂಬಂಧ ನಿನಗ ತ್ರಾಸ ಆತು."

ಕರೆವ್ವ ಪರಪ್ಪನನ್ನೇ ನೋಡುತ್ತಿದ್ದಳು. ದಾರಿಯುದ್ದಕ್ಕೂ ಹೇಳಿಕೊಂಡು ಬಂದ ಮಾತು ಗಂಟಲಲ್ಲಿ ಸಿದ್ಧವಾಗಿತ್ತು, ಅದರ ಮೊದಲ ಅಕ್ಷರಕ್ಕೆ ತುಟಿಗಳೂ ಕೂಡಿದ್ದವು. ಹೊರಗೆ ಬಂದದ್ದು ಬೇರೆಯೇ ದನಿ, ಸಭೆಗಳಲ್ಲಿ ಅಹವಾಲು ತಂದವರಿಗೆ ಅವನು ಇಷ್ಟು ವರ್ಷ ಹೇಳುತ್ತ ಬಂದ ಮೆದುವಾದ, ದೊಡ್ಡ ಮನಸ್ಸಿನ ದನಿ.

"ಇರ್ಲಿ ಬಿಡವಾ" ಎಂದ ಪರಪ್ಪ.

ಕರೆವ್ವ ಮುಖ ತಿರುಗಿಸಿಕೊಂಡಳು. ಸತ್ತೆವ್ವನ ಹೆಗಲು ಕೆಳಗಿಳಿದವು, ಉಸಿರು ಬಿಟ್ಟಳು, ಎರಡೂ ಕೈ ಎತ್ತಿ ಮುಗಿದಳು. ಅವನು ಎಲ್ಲಿದ್ದಾನೆಂದು ಅವಳಿಗೆ ಸರಿಯಾಗಿ ಗೊತ್ತಾಗಲಿಲ್ಲ. ಮುಗಿದ ಕೈ ತುಸು ಆಚೆಗೆ, ಖಾಲಿ ಗೋಡೆಯ ಕಡೆಗಿತ್ತು. ಪರಪ್ಪ ಒಂದು ಹೆಜ್ಜೆ ಸರಿದು ಆ ಕೈಗಳ ಎದುರಿಗೆ ಹೋಗಿ ನಿಂತ.